ಕೊತ್ವಾಲನ ಬಿಳಿ ಕೈಗವಸು

ಐನೂರು ಬೆಳ್ಳಿ ರೂಪಾಯಿ ಒಂದು ಕಡೆ. ಒಂದು ವರ್ಷದ ಬಿಟ್ಟಿ ಒಗೆತ ಇನ್ನೊಂದು ಕಡೆ. ನಡುವೆ ಒಬ್ಬ ಬುಟ್ಟಿ ಹೆಣೆಯುವವನ ಬಾಳು. ಈ ಕತೆಯಲ್ಲಿ ನಡೆದ ವ್ಯವಹಾರ ಇಷ್ಟೇ. ಐನೂರು ಒಡ್ಡಿದವನು ಜಿಲ್ಲೆಯ ಕಲೆಕ್ಟರ್ ದೊರೆ. ಒಗೆತ ಒಡ್ಡಿದವಳು ಮಡಿವಾಳರ ಹುಲಿಗೆವ್ವ. ಯಾರು ಗೆದ್ದರು ಅಂತ ಈಗಲೇ ಕೇಳಬೇಡಿ ಮಕ್ಕಳೇ. ಗಂಟು ಬಿಚ್ಚುವ ಮೊದಲೇ ಬೆಲೆ ಕೇಳುವ ಗಿರಾಕಿಗೆ ನಮ್ಮ ಅಂಗಡಿಯಲ್ಲಿ ಯಾವತ್ತೂ ಮಾಲು ಕೊಟ್ಟಿಲ್ಲ. ಸರಿಯಾಗಿ ಕೂತುಕೊಳ್ಳಿ, ಬಿಚ್ಚುತ್ತೇನೆ.

ಏಳು ಕಡಲಾಚೆ ಒಬ್ಬಳು ರಾಣಿ ಇದ್ದಳು. ಅವಳು ನಮ್ಮನ್ನು ಕಣ್ಣಲ್ಲಿ ಕಂಡವಳಲ್ಲ. ನಾವು ಅವಳನ್ನು ರೂಪಾಯಿಯ ಮೇಲೆ ಮಾತ್ರ ಕಂಡವರು. ಆ ರಾಣಿಯ ರಾಜ್ಯದಲ್ಲಿ ಹೊಸಗುಡ್ಡ ಅಂತ ಒಂದು ದಂಡಿನ ಊರು. ಗುಡ್ಡದ ಈಚೆ ಪೇಟೆ, ಆಚೆ ಬಿಳಿಯರ ಬಂಗಲೆಗಳು. ಬಂಗಲೆಗಳಲ್ಲಿ ಬೆಳ್ಳಿ ಇತ್ತು. ಬೆಳ್ಳಿ ಇದ್ದಲ್ಲಿ ಕಳ್ಳನೂ ಇದ್ದ.

ಒಂದು ಭಾನುವಾರ ಬಿಳಿಯರೆಲ್ಲ ಇಗರ್ಜಿಗೆ ಹೋಗಿದ್ದರು. ಆಳುಗಳೆಲ್ಲ ಹಿಂದಿನ ಅಡುಗೆಮನೆಯಲ್ಲಿ ಹರಟುತ್ತಿದ್ದರು. ಹಾಡು ಮುಗಿಸಿ ಜಡ್ಜಿ ದೊರೆ ಮನೆಗೆ ಬಂದರೆ ಬಚ್ಚಲಮನೆಯ ಗೋಡೆಗೆ ಕನ್ನ! ಮನುಷ್ಯ ನುಸುಳುವಷ್ಟು ತೂತು. ಒಳಗೆ ಚಿನ್ನದ ಗಡಿಯಾರ ಇಲ್ಲ.

ಊರಿನ ಕೊತ್ವಾಲ ಭುಜಂಗರಾವ್ ಬಂದ. ಕಳ್ಳರನ್ನು ಹಿಡಿಯುವುದು ಅವನ ಕೆಲಸ. ಮೀಸೆಗೆ ಎಣ್ಣೆ, ತಲೆಗೆ ಜರಿ ರುಮಾಲು. ಕನ್ನದ ಮುಂದೆ ಕೂತ. ಮಣ್ಣು ಮೂಸಿದ. "ಗೊತ್ತಾಯ್ತು" ಅಂದ. ಸಂಜೆಯೊಳಗೆ ಕೋತಿ ಆಡಿಸುವವನೊಬ್ಬನನ್ನು ಕಟ್ಟಿ ತಂದ. "ಇವನ ಕೋತಿ ಒಳಗೆ ನುಗ್ಗಿದೆ, ದೊರೆ." ಕೋತಿಯವನು ಜೈಲಿಗೆ ಹೋದ. ಕೊತ್ವಾಲನಿಗೆ ಎದೆಯ ಮೇಲೆ ಹಾಕಿಕೊಳ್ಳಲು ಬೆಳ್ಳಿ ಬಿಲ್ಲೆ ಸಿಕ್ಕಿತು. ಗಡಿಯಾರ ಮಾತ್ರ ಸಿಗಲಿಲ್ಲ.

ತಿಂಗಳು ಕಳೆಯಿತು. ಇನ್ನೊಂದು ಭಾನುವಾರ ಪಾದ್ರಿ ದೊರೆಯ ಮನೆಗೆ ಕನ್ನ. ಒಂದು ಜೊತೆ ಬೆಳ್ಳಿ ದೀಪದ ಕಂಬ ಮಾಯ. ಕೊತ್ವಾಲ ಬಂದ. ಕೂತ. ಮಣ್ಣು ಮೂಸಿದ. "ಗೊತ್ತಾಯ್ತು" ಅಂದ. ಬೀಸುಕಲ್ಲಿಗೆ ಉಳಿ ಹೊಡೆಯುತ್ತ ಬೀದಿ ಬೀದಿ ತಿರುಗುವವನನ್ನು ಹಿಡಿದು ತಂದ. "ಉಳಿ ಇವನ ಕೈಯಲ್ಲೇ ಇದೆ, ದೊರೆ. ಇನ್ನೇನು ಬೇಕು?" ಉಳಿಯವನು ಜೈಲಿಗೆ ಹೋದ. ಕೊತ್ವಾಲನಿಗೆ ಕೆಂದು ಬಣ್ಣದ ಕುದುರೆ ಇನಾಮು ಸಿಕ್ಕಿತು. ದೀಪದ ಕಂಬ ಸಿಗಲಿಲ್ಲ.

ಮೂರನೇ ತಿಂಗಳು ಕಲೆಕ್ಟರ್ ದೊರೆಯ ಬಂಗಲೆಗೇ ಕನ್ನ ಬಿತ್ತು. ದೊರೆಯ ಹೆಸರು ಹಾರ್ಟ್‌ವೆಲ್. ಎಲುಬಿಗೆ ಕೋಟು ಹಾಕಿದ ಹಾಗಿದ್ದ, ನಗು ಕಡಿಮೆ, ಪಂದ್ಯ ಕಟ್ಟುವ ಚಪಲ ಜಾಸ್ತಿ. ಅವನ ತಾಯಿ ಕಳಿಸಿದ್ದ ಬೆಳ್ಳಿಯ ಚಹಾ ಕೆಟಲು ಹೋಯಿತು. ಕಳ್ಳನನ್ನು ಮಾಲು ಸಮೇತ ಹಿಡಿಸಿಕೊಟ್ಟವರಿಗೆ ಐನೂರು ರೂಪಾಯಿ ಅಂತ ದೊರೆ ಡಂಗುರ ಹೊಡೆಸಿದ. ಕೊತ್ವಾಲ ಈ ಸಲ ಕುದುರೆ ಮೇಲೆ ಬಂದ. ಕೂತ. ಮಣ್ಣು ಮೂಸಿದ. "ಗೊತ್ತಾಯ್ತು" ಅಂದ. ಕನ್ನದ ಬಾಯಲ್ಲಿ ಒಂದು ಬಿದಿರು ಸೀಳುವ ಕತ್ತಿ ಬಿದ್ದಿತ್ತು, ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿತ್ತು. ಕೆರೆ ಏರಿಯ ಕೆಳಗೆ ಗುಡಿಸಲು ಹಾಕಿಕೊಂಡು ಬಿದಿರು ಬುಟ್ಟಿ ಹೆಣೆಯುತ್ತಿದ್ದ ಸುಂಕ್ಲಪ್ಪನ ಕೈಗೆ ಕೋಳ ಬಿತ್ತು.

"ಕತ್ತಿ ನಂದೇ, ದೊರೆ. ನಾಲ್ಕು ದಿನದ ಹಿಂದೆ ಕಳುವಾಗಿತ್ತು" ಅಂದ ಸುಂಕ್ಲಪ್ಪ.

"ಕೇಳಿದ್ರಾ? ಕಳ್ಳನ ಮನೇಲೇ ಕಳ್ಳತನವಂತೆ!" ಅಂದ ಕೊತ್ವಾಲ. ಕಚೇರಿಯೆಲ್ಲ ನಕ್ಕಿತು.

ಊರೂರು ತಿರುಗುವ ಜನ ಹುಟ್ಟಾ ಕಳ್ಳರು ಅಂತ ಆಗ ಸರ್ಕಾರದ ಪುಸ್ತಕದಲ್ಲೇ ಬರೆದಿಟ್ಟಿದ್ದರು. ಬರೆದಿಟ್ಟ ಮೇಲೆ ವಿಚಾರಣೆ ಸಲೀಸು. ರಾಣಿಯ ಹುಟ್ಟುಹಬ್ಬಕ್ಕೆ ಇನ್ನು ಹತ್ತು ದಿನ ಇತ್ತು. ಹಬ್ಬದ ದಿನ ಕೊತ್ವಾಲನಿಗೆ ಚಿನ್ನದ ಪದಕ, ಹಬ್ಬದ ಮರುದಿನ ಸುಂಕ್ಲಪ್ಪನಿಗೆ ಕರಿನೀರಿನ ಶಿಕ್ಷೆ ಅಂತ ಗೊತ್ತಾಯಿತು. ಕರಿನೀರು ಅಂದರೆ ಕಡಲಿನ ನಡುವಿನ ದ್ವೀಪ. ಹೋದವರು ತಿರುಗಿ ಬಂದದ್ದನ್ನು ಹೊಸಗುಡ್ಡದವರು ಯಾರೂ ಕಂಡಿರಲಿಲ್ಲ.

ಈಗ ಹುಲಿಗೆವ್ವ ಬರುತ್ತಾಳೆ.

ಹುಲಿಗೆವ್ವನಿಗೆ ಎರಡು ಕತ್ತೆ, ಬಟ್ಟೆ ಬೇಯಿಸುವ ಒಂದು ಉಬ್ಬೆಯ ಹಂಡೆ. ಪೇಟೆಯ ಬಟ್ಟೆಯೂ ಅವಳದ್ದೇ, ಬಂಗಲೆಯ ಬಟ್ಟೆಯೂ ಅವಳದ್ದೇ. ಇನ್ನೂರು ಮನೆಯ ಬಟ್ಟೆ ಒಂದೇ ಹಂಡೆಯಲ್ಲಿ ಕುದಿದರೂ ಒಬ್ಬರ ರುಮಾಲು ಇನ್ನೊಬ್ಬರ ಮನೆಗೆ ಹೋಗುತ್ತಿರಲಿಲ್ಲ. ಹೇಗೆ? ಮಡಿವಾಳರ ಹತ್ತಿರ ಕರಿಗೇರು ಅಂತ ಒಂದು ಕಾಯಿ ಇರುತ್ತದೆ. ಅದರ ರಸದಲ್ಲಿ ಕಡ್ಡಿ ಅದ್ದಿ ಬಟ್ಟೆಯ ಅಂಚಿನಲ್ಲಿ ಸಣ್ಣ ಗುರುತು ಹಾಕುತ್ತಾರೆ. ಒಂದು ಮನೆಗೆ ಎರಡು ಗೆರೆ, ಒಂದು ಮನೆಗೆ ಚುಕ್ಕಿ, ಇನ್ನೊಂದಕ್ಕೆ ಗೆರೆಯೂ ಚುಕ್ಕಿಯೂ. ಗುರುತು ಕಪ್ಪಾಗಿ ಕೂತರೆ ಮುಗಿಯಿತು. ಬಟ್ಟೆ ಹರಿಯಬಹುದು, ಗುರುತು ಹೋಗುವುದಿಲ್ಲ. ಹುಲಿಗೆವ್ವನಿಗೆ ಓದು ಬಾರದು. ಆದರೆ ಊರಿನ ಪ್ರತಿ ಅಂಗಿಯನ್ನೂ ಅವಳು ಓದಬಲ್ಲಳು.

ಒಗೆದ ಬಟ್ಟೆ ಒಪ್ಪಿಸಲು ಅವಳು ದೊರೆಯ ಕಚೇರಿಗೆ ಬಂದಳು. ಮೇಜಿನ ಮೇಲೆ ಸುಂಕ್ಲಪ್ಪನ ಕತ್ತಿ ಇತ್ತು. ಪಕ್ಕದಲ್ಲಿ ಅದನ್ನು ಸುತ್ತಿದ್ದ ಬಟ್ಟೆಯ ತುಂಡು. ಬಟ್ಟೆಯ ಜರಿ ಅಂಚನ್ನು ಯಾರೋ ಜಾಣರು ಹರಿದು ತೆಗೆದಿದ್ದರು. ಆದರೆ ಮೂಲೆಯಲ್ಲಿ ಎಳ್ಳಿನಷ್ಟು ಸಣ್ಣ ಮೂರು ಚುಕ್ಕಿ, ಕೆಳಗೊಂದು ಅಡ್ಡಗೆರೆ.

ಸುಂಕ್ಲಪ್ಪನ ಮನೆಯವರು ತಮ್ಮ ಬಟ್ಟೆಯನ್ನು ತಾವೇ ಕೆರೆಯಲ್ಲಿ ಹಿಂಡಿಕೊಳ್ಳುವವರು. ಅವರ ಬಟ್ಟೆಗೆ ಗುರುತೇ ಇಲ್ಲ. ಮೂರು ಚುಕ್ಕಿ, ಕೆಳಗೊಂದು ಅಡ್ಡಗೆರೆ, ಅದು ಕೊತ್ವಾಲ ಭುಜಂಗರಾವ್‌ನ ಮನೆಯ ಗುರುತು!

ಹುಲಿಗೆವ್ವ ಕೂಗಿದಳೇ? ಇಲ್ಲ. ಬಟ್ಟೆ ಎಣಿಸಿ ಒಪ್ಪಿಸಿದಳು, ಕೈ ಮುಗಿದಳು, ಮನೆಗೆ ಹೋದಳು. ಅಲ್ಲಿಯೇ ಕೂಗಿದ್ದರೆ ಕೊತ್ವಾಲ, "ಇವಳೇ ನನ್ನ ಬಟ್ಟೆ ಕಳೆದವಳು, ಇವಳೇ ಕಳ್ಳನಿಗೆ ಕೊಟ್ಟವಳು" ಅನ್ನುತ್ತಿದ್ದ. ಜರಿ ರುಮಾಲಿನ ಮಾತಿನ ಎದುರು ಒದ್ದೆ ಸೀರೆಯ ಮಾತು ಎಷ್ಟು ಹೊತ್ತು ನಿಲ್ಲುತ್ತದೆ?

ಮನೆಯ ಮುಂದೆ ಸುಂಕ್ಲಪ್ಪನ ಹೆಂಡತಿ ಮಾರೆಕ್ಕ ಕೂಸು ಕಟ್ಟಿಕೊಂಡು ಕೂತಿದ್ದಳು. "ಯಕ್ಕಾ, ನಮ್ಮ ಕಡೆ ಒಂದು ಮಾತು ಆಡೋರು ಯಾರೂ ಇಲ್ಲ."

"ಅಳಬೇಡ. ಅಳೋದ್ರಿಂದ ಏನೂ ಹುಟ್ಟಲ್ಲ" ಅಂದಳು ಹುಲಿಗೆವ್ವ. "ನಿನ್ನ ಗಂಡ ಹೆಣೆದ ಬುಟ್ಟಿ ನಾಲ್ಕು ಇದ್ವು. ಎರಡರ ತಳ ಹೋಗ್ಯಾವೆ. ಅವನು ಬರಲಿಲ್ಲ ಅಂದ್ರೆ ನನ್ನ ದಂಧೆನೇ ನಿಲ್ತದೆ. ಅವನು ಬರ್ಬೇಕು. ತರ್ತೀನಿ."

ಮರುದಿನ ಬೆಳಿಗ್ಗೆ ಬಂಗಲೆಯ ಹಿಂಬಾಗಿಲಲ್ಲಿ ಅವಳು ಕಲೆಕ್ಟರ್ ದೊರೆಯ ಮುಂದೆ ನಿಂತಳು.

"ದೊರೆ, ಗಡಿಯಾರ ಹೋಯ್ತು, ಕೋತಿಯವನು ಜೈಲಾಗವ್ನೆ. ಗಡಿಯಾರ ಬಂತಾ?"

"ಇಲ್ಲ."

"ದೀಪದ ಕಂಬ ಹೋಯ್ತು, ಉಳಿಯವನು ಜೈಲಾಗವ್ನೆ. ಕಂಬ ಬಂದ್ವಾ?"

"ಇಲ್ಲ."

"ಸುಂಕ್ಲಪ್ಪ ಕರಿನೀರಿಗೆ ಹೋದ್ರೆ ನಿಮ್ಮವ್ವ ಕೊಟ್ಟ ಕೆಟಲು ಬರ್ತದಾ?"

 ದೊರೆಗೂ ಅದೇ ಕೊರೆಯುತ್ತಿತ್ತು. "ನಿನಗೆ ಕಳ್ಳ ಗೊತ್ತೇನು?"

"ಗೊತ್ತು. ಹೆಸರು ಹೇಳಲ್ಲ. ಹೇಳಿದ್ರೆ ನೀವು ನಂಬಲ್ಲ. ರಾಣಿಯಮ್ಮನ ಹುಟ್ಟುಹಬ್ಬದ ದಿನ, ಎಲ್ಲರ ಮುಂದೆ, ನಿಮ್ಮ ಕೈಯಿಂದಲೇ ಹಿಡಿಸಿಕೊಡ್ತೀನಿ. ಹಿಡಿಸಿಕೊಟ್ರೆ ನೀವು ಡಂಗುರ ಹೊಡೆಸಿರೋ ಐನೂರು ರೂಪಾಯಿ ನಂದು. ಜೈಲಾಗಿರೋ ಮೂರೂ ಜನ ಹೊರಗೆ ಬರ್ಬೇಕು."

"ಹಿಡಿಸಿಕೊಡಲಿಲ್ಲ ಅಂದರೆ?"

"ಇಡೀ ದಂಡಿನ ಬಟ್ಟೆ ಒಂದು ವರ್ಷ ಬಿಟ್ಟಿ ಒಗೀತೀನಿ. ಎರಡೂ ಕತ್ತೆ ನಿಮ್ಮವು."

ದೊರೆಗೆ ಪಂದ್ಯದ ಚಪಲ ಅಂದೆನಲ್ಲ. ಗಡ್ಡ ಕೆರೆದುಕೊಂಡ. "ಕತ್ತೆ ಬೇಡ. ಉಳಿದದ್ದು ಒಪ್ಪಿದೆ."

"ಮೂರು ಕೆಲಸ ನೀವು ಮಾಡ್ಬೇಕು. ಒಂದು, ಬಚ್ಚಲ ಪಕ್ಕದ ಕೋಣೆಯಾಗೆ ಬೀಗ ಹಾಕಿದ ಕರಿ ತಗಡಿನ ಪೆಟ್ಟಿಗೆ ಒಂದು ಇಡ್ರಿ. ನಾನು ಅದನ್ನ ಒರೆಸಿ ಇಟ್ಟ ಮೇಲೆ ಮನೆಯವರು ಯಾರೂ ಮುಟ್ಟಬಾರದು, ದೊರೆಸಾನಿಯವರೂ ಮುಟ್ಟಬಾರದು. ಎರಡು, ಪೆಟ್ಟಿಗೆ ಒಡೆದದ್ದು ಕಂಡ ತಕ್ಷಣ ಕೋಣೆಗೆ ನೀವೇ ಬೀಗ ಹಾಕಿ ಕನ್ನಕ್ಕೆ ಸಿಪಾಯಿ ನಿಲ್ಲಿಸ್ಬೇಕು. ತನಿಖೆಗೆ ಬಂದೆ ಅನ್ನೋರನ್ನೂ ಒಳಗೆ ಬಿಡಬಾರದು."

"ಮೂರು?"

"ಹಬ್ಬದ ದಿನ ಬಾವುಟದ ಕೆಳಗೆ ನಿಂತು ಎಲ್ಲ ಅಧಿಕಾರಿಗಳ ಕೈ ಕುಲುಕ್ಬೇಕು. ಕರಿಯರು, ಬಿಳಿಯರು ಎಲ್ಲರದೂ. ಬರಿಗೈಲಿ."

"ಬರಿಗೈ ಅಂತ ನಿನಗೆ ಯಾರು ಹೇಳಿದರು?"

"ನಿಮ್ಮ ಗವಸು ಒಗೆಯೋಳು ನಾನಲ್ವಾ? ಎಡಗೈದು ನೆಟ್ಟಗಿರ್ತದೆ. ಬಲಗೈದು ಯಾವಾಗ್ಲೂ ಮುದುಡಿ ಜೇಬಿನ ತಂಬಾಕು ಹತ್ತಿಕೊಂಡು ಬರ್ತದೆ. ಕೈ ಕೊಡುವಾಗ ಬಿಚ್ಚಿ ಜೇಬಿಗೆ ತುರುಕ್ತೀರಿ. ಅದು ನಿಮ್ಮ ಜನದ ಪದ್ಧತಿ."

ಹಾರ್ಟ್‌ವೆಲ್ ದೊರೆ ಅವತ್ತು ನಕ್ಕದ್ದನ್ನು ಅಡುಗೆಯವನು ಕಣ್ಣಾರೆ ಕಂಡನಂತೆ.

ಶನಿವಾರ ಹುಲಿಗೆವ್ವ ಸಂತೆಯಲ್ಲಿ ಮುತ್ತಿನ ಹಾಗೆ ಕಾಣುವ ಗಾಜಿನ ಮಣಿಸರ ಒಂದನ್ನು ಕೊಂಡಳು. ನಾಲ್ಕಾಣೆ. ಚೌಕಾಸಿ ಮಾಡಿ ಮೂರಾಣೆಗೆ ಇಳಿಸಿದಳು. ಬಂಗಲೆಗೆ ಹೋಗಿ, ರೇಷ್ಮೆ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟಳು. ಕೈಗೆ ತೆಂಗಿನೆಣ್ಣೆ ಬಳಿದುಕೊಂಡು, ಕಡ್ಡಿಗೆ ಬಟ್ಟೆ ಸುತ್ತಿ, ಪೆಟ್ಟಿಗೆಯ ಹಿಡಿಗೆ, ಬೀಗಕ್ಕೆ, ಮುಚ್ಚಳದ ಅಂಚಿಗೆ ಹಸಿ ಕರಿಗೇರಿನ ರಸ ಬಳಿದಳು. ಕರಿ ತಗಡಿನ ಮೇಲೆ ಅದು ಕಾಣಲೇ ಇಲ್ಲ. ಒರೆಸಿ ಹೊಳಪು ಕೊಟ್ಟ ಹಾಗಿತ್ತು.

ಕರಿಗೇರಿನ ರಸ ಬರಿ ಮೈಗೆ ತಾಗಿದರೆ ಏನಾಗುತ್ತದೆ ಅಂತ ಮಡಿವಾಳರ ಮನೆಯ ಮಕ್ಕಳನ್ನು ಕೇಳಿ. ಮೊದಲ ದಿನ ತುರಿಕೆ. ಎರಡನೇ ದಿನ ಬೊಬ್ಬೆ. ಮೂರನೇ ದಿನ ಕಾಡಿಗೆಯಂಥ ಕಪ್ಪು. ತಿಕ್ಕಿದಷ್ಟೂ ಉರಿ.

ಅಲ್ಲಿಂದ ಸೀದಾ ಕೊತ್ವಾಲನ ಮನೆಗೆ ಹೋದಳು. ಬಟ್ಟೆಯ ಗಂಟು ಇಳಿಸಿ ನಿಟ್ಟುಸಿರು ಬಿಟ್ಟಳು.

"ಏನೇ ಹುಲಿಗೆವ್ವ, ಕತ್ತೆ ಸತ್ತ ಹಾಗೆ ಮುಖ ಮಾಡ್ಕೊಂಡಿದ್ದೀಯ?" ಅಂದ ಭುಜಂಗರಾವ್.

"ಕತ್ತೆ ಗಟ್ಟಿಮುಟ್ಟಾಗವೆ ಬುದ್ಧಿ. ನಂಗೇ ಎದೆ ಡವಡವ ಅಂತೈತೆ. ಕಲೆಕ್ಟರ್ ದೊರೆಸಾನಿಯವ್ರ ಮುತ್ತಿನ ಸರ ಕಡಲಾಚೆ ಸೀಮೆಯಿಂದ ಬಂದೈತೆ. ಬಚ್ಚಲ ಪಕ್ಕದ ಕೋಣೆಯಾಗೆ, ಕರಿ ಪೆಟ್ಟಿಗೆಯಾಗೆ ಇಟ್ಟವ್ರೆ. ಕಣ್ಣು ಕುಕ್ಕುತ್ತೆ! ಆ ಕೋಣೆಗೆ ಬಟ್ಟೆ ಇಡೋಕೆ ಹೋಗೋಳು ನಾನೊಬ್ಬಳೇ. ನಾಳೆ ಭಾನುವಾರ. ಎಲ್ಲಾರೂ ಇಗರ್ಜಿಗೆ ಹೋಗ್ತಾರೆ. ಏನಾರ ಹೆಚ್ಚುಕಮ್ಮಿ ಆದ್ರೆ ಯಾರ ಮೇಲೆ ಬರ್ತದೆ ಹೇಳ್ರಿ?"

ಕೊತ್ವಾಲ ಮೀಸೆ ತಿರುವಿದ. "ನಿನ್ನ ಮೇಲೆ" ಅಂದ.

"ಅದಕ್ಕೇ ಭಯ, ಬುದ್ಧಿ."

"ಭಯಪಡಬೇಡ. ನಾಳೆ ಗಸ್ತಿಗೆ ನಾನೇ ಬರ್ತೀನಿ."

ನೋಡಿ ಮಕ್ಕಳೇ, ಸುಮ್ಮನಿದ್ದಿದ್ದರೆ ಕೊತ್ವಾಲ ಉಳಿದುಕೊಳ್ಳುತ್ತಿದ್ದ. ಚಿನ್ನದ ಪದಕ ಬರುವುದಿತ್ತು, ಮೂರು ಮನೆಯ ಮಾಲು ಕೈಯಲ್ಲಿತ್ತು. ಆದರೆ ಅವನಿಗೆ ಒಂದು ಚಟ ಹತ್ತಿತ್ತು. ಒಂದೇ ಮಾಲಿಗೆ ಎರಡು ಕಡೆ ಬೆಲೆ. ಕದ್ದರೆ ಬೆಳ್ಳಿ, ಕಳ್ಳನನ್ನು ಹಿಡಿದರೆ ಬಿಲ್ಲೆ. ಅಂಥ ಲಾಭ ರುಚಿ ಕಂಡವನು ಅಂಗಡಿ ಮುಚ್ಚುವುದಿಲ್ಲ. ಅದೂ ಅಲ್ಲದೆ ಈ ಸಲ ಕಳ್ಳಿಯೂ ತಾನಾಗಿ ಬಂದು, ನನ್ನನ್ನು ಹಿಡಿಯಿರಿ ಅಂತ ಕೂತಿದ್ದಾಳೆ!

ಭಾನುವಾರ ಇಗರ್ಜಿಯ ಗಂಟೆ ಹೊಡೆಯಿತು. ಹಾಡು ಶುರುವಾಯಿತು. ನಿಂತಿತು. ದೊರೆ ಬಂದು ನೋಡಿದರೆ ಬಚ್ಚಲಿನ ಗೋಡೆಗೆ ಕನ್ನ. ಕನ್ನದ ಬಾಯಲ್ಲಿ ಮಡಿವಾಳರ ಒಂದು ಹಿಡಿ ಸೌಳು ಮಣ್ಣು, ಒಂದು ಒಗೆಯುವ ಕೋಲು. ಕೋಣೆಯಲ್ಲಿ ಪೆಟ್ಟಿಗೆ ಒಡೆದಿತ್ತು, ಸರ ಇಲ್ಲ. ದೊರೆ ಪೆಟ್ಟಿಗೆ ಮುಟ್ಟಲಿಲ್ಲ. ಕೋಣೆಗೆ ಬೀಗ ಹಾಕಿ ಕೀಲಿ ಜೇಬಿಗೆ ಹಾಕಿಕೊಂಡ. ಕನ್ನಕ್ಕೆ ಸಿಪಾಯಿ ನಿಂತ.

ಕೊತ್ವಾಲ ಬಂದ. ಕೂತ. ಮಣ್ಣು ಮೂಸಿದ. "ಗೊತ್ತಾಯ್ತು" ಅಂದ. "ಒಳಗೆ ಒಂದು ಸಲ ನೋಡ್ತೀನಿ, ದೊರೆ."

"ಬೇಡ" ಅಂದ ದೊರೆ. "ನಿಮಗೆ ಮಣ್ಣು ಮೂಸಿದರೆ ಸಾಕಲ್ಲ."

ಸೋಮವಾರ ಬೆಳಿಗ್ಗೆ ಕೊತ್ವಾಲ ಹುಲಿಗೆವ್ವನನ್ನು ಕಟ್ಟಿ ತಂದ. ಬೇಸಿಗೆಯ ಬಿಸಿಲು ಬಾಣಲೆಯ ಹಾಗೆ ಕಾದಿತ್ತು. ಆದರೂ ಕೊತ್ವಾಲನ ಎರಡೂ ಕೈಗೆ ಬಿಳಿ ಗವಸು.

"ಬುದ್ಧಿ, ಈ ಸೆಕೆಯಾಗೆ ಗವಸು?" ಅಂದಳು ಹುಲಿಗೆವ್ವ.

"ಬಾಯಿ ಮುಚ್ಚು. ಹುಟ್ಟುಹಬ್ಬದ ಕವಾಯತಿಗೆ ಅಭ್ಯಾಸ ಮಾಡ್ತಾ ಇದ್ದೀನಿ."

"ಅಭ್ಯಾಸ ಒಳ್ಳೇದು. ನಾಳೆ ಬಿಚ್ಚೋದೂ ಅಭ್ಯಾಸ ಆಗಿರ್ಬೇಕು."

ಕೊತ್ವಾಲನಿಗೆ ಅರ್ಥವಾಗಲಿಲ್ಲ. ಹಗ್ಗ ಜಗ್ಗಿದ. ಬಂಗಲೆಯ ಜಗುಲಿಯಲ್ಲಿ ದೊರೆ ಹುಬ್ಬು ಗಂಟಿಕ್ಕಿ ನಿಂತಿದ್ದ. ಕೋಲೂ ಇವಳದ್ದೇ, ಮಣ್ಣೂ ಇವಳದ್ದೇ. ಇವಳೇ ನನ್ನ ಕಣ್ಣಿಗೆ ಮಣ್ಣೆರಚಿದಳೇ ಅಂತ ಅವನಿಗೂ ಒಂದು ಗಳಿಗೆ ಅನ್ನಿಸಿತು. ಹುಲಿಗೆವ್ವ ಹಗ್ಗದಲ್ಲಿದ್ದುಕೊಂಡೇ ತಲೆಯೆತ್ತಿ, "ಎರಡು ಕೆಲಸ ಆಯ್ತು ದೊರೆ. ಮೂರನೇದು ಬಾಕಿ ಐತೆ" ಅಂದಳು.

ದೊರೆ ಕೊಟ್ಟ ಮಾತಿನವನು. "ನಾಳೆಯವರೆಗೆ ಠಾಣೆಯಲ್ಲಿ ಇರಲಿ" ಅಂದ. ಅವಳ ಕತ್ತೆಗಳಿಗೆ ಆ ಎರಡು ದಿನ ಮಾರೆಕ್ಕ ಹುಲ್ಲು ಹಾಕಿದಳು.

ಮಂಗಳವಾರ ರಾಣಿಯ ಹುಟ್ಟುಹಬ್ಬ. ಕವಾಯತಿನ ಬಯಲಲ್ಲಿ ಬಾವುಟ, ಬ್ಯಾಂಡು, ತೋಪು. ಪೇಟೆಯವರೆಲ್ಲ ಬಂದಿದ್ದರು. ಒಂದು ಮೂಲೆಯಲ್ಲಿ ಕೋಳ ಹಾಕಿದ ಸುಂಕ್ಲಪ್ಪ, ಪಕ್ಕದಲ್ಲಿ ಹಗ್ಗ ಕಟ್ಟಿದ ಹುಲಿಗೆವ್ವ. ಮೇಜಿನ ಮೇಲೆ ಪೆಟ್ಟಿಗೆಯಲ್ಲಿ ಚಿನ್ನದ ಪದಕ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಸಾಕ್ಷಿಗೆ ತಂದಿಟ್ಟ ಸುಂಕ್ಲಪ್ಪನ ಕತ್ತಿ, ಅದನ್ನು ಸುತ್ತಿದ್ದ ಬಟ್ಟೆಯ ತುಂಡು.

ಕಲೆಕ್ಟರ್ ದೊರೆ ಬಾವುಟದ ಕೆಳಗೆ ನಿಂತ. ಬಲಗೈಯ ಗವಸು ಬಿಚ್ಚಿ ಜೇಬಿಗೆ ತುರುಕಿದ.

ಜಡ್ಜಿ ಬಂದ. ಗವಸು ಬಿಚ್ಚಿದ. ಕೈ ಕುಲುಕಿದ. ಪಾದ್ರಿ ಬಂದ. ಬರಿಗೈ ಕೊಟ್ಟ. ಡಾಕ್ಟರ್ ದೊರೆ ಬಂದ, ತಹಸೀಲ್ದಾರ ಬಂದ, ಶಿರಸ್ತೇದಾರ ಬಂದ. ಎಲ್ಲರದೂ ಬರಿಗೈ.

ಕೊತ್ವಾಲ ಭುಜಂಗರಾವ್ ಬಂದ. ಸಲಾಮು ಹೊಡೆದ. ದೊರೆ ಕೈ ಚಾಚಿದ. ಕೊತ್ವಾಲ ಬಿಳಿ ಗವಸಿನ ಕೈ ಚಾಚಿದ.

"ಗವಸು ಬಿಚ್ಚಿ, ಕೊತ್ವಾಲರೇ. ರಾಣಿಯ ಹೆಸರಲ್ಲಿ ಕೊಡುವ ಕೈ ಇದು."

"ಲಗಾಮು ಉಜ್ಜಿ ಅಂಗೈ ಗಾಯ ಆಗಿದೆ, ದೊರೆ."

"ಪರವಾಗಿಲ್ಲ. ಮೆಲ್ಲಗೆ ಹಿಡಿಯುತ್ತೇನೆ."

"ಬೆಳಿಗ್ಗೆ ಅದರ ಮೇಲೆ ಬಿಸಿನೀರೂ ಬಿತ್ತು, ದೊರೆ."

"ಹಾಗಾದರೆ ನೋಡಲೇಬೇಕು."

"ಡಾಕ್ಟರ್ ದೊರೆಯವರು ಬಿಚ್ಚಬೇಡ ಅಂದಿದ್ದಾರೆ."

ಡಾಕ್ಟರ್ ದೊರೆ ಎರಡು ಹೆಜ್ಜೆಯ ಆಚೆ ನಿಂತಿದ್ದ. "ನಾನೇ? ನಾನು ಈ ಮನುಷ್ಯನ ಕೈ ಮುಟ್ಟಿಯೇ ಇಲ್ಲ!"

ಬ್ಯಾಂಡು ನಿಂತಿತು. ಇಬ್ಬರು ಸಿಪಾಯಿಗಳು ಕೊತ್ವಾಲನ ಮಣಿಕಟ್ಟು ಹಿಡಿದರು. ಬಲಗೈಯ ಗವಸು ಬಂತು, ಎಡಗೈಯದೂ ಬಂತು. ಎರಡೂ ಅಂಗೈ ಸುಟ್ಟ ಬದನೆಕಾಯಿಯ ಹಾಗಿದ್ದವು. ಬೊಬ್ಬೆಯ ಮೇಲೆ ಬೊಬ್ಬೆ, ಬೆರಳಿಗೆಲ್ಲ ಕಪ್ಪು.

"ಅದು ಬಿಸಿನೀರಲ್ಲ, ದೊರೆ" ಅಂದಳು ಹುಲಿಗೆವ್ವ ಮೂಲೆಯಿಂದ. "ಅದು ನನ್ನ ಗುರುತು. ಊರಿನ ಬಟ್ಟೆಗೆಲ್ಲ ಹಾಕೋ ಕರಿಗೇರು. ನಿಮ್ಮ ಪೆಟ್ಟಿಗೆಗೆ ಬಳಿದಿದ್ದೆ. ಬೇಕಾದ್ರೆ ತೊಳೆದು ನೋಡ್ರಿ."

ಸಾಬೂನು ಹಾಕಿ ತೊಳೆದರು, ಹೋಗಲಿಲ್ಲ. ಹುಣಸೆಹಣ್ಣು ಹಾಕಿ ತೊಳೆದರು, ಹೋಗಲಿಲ್ಲ. ಬೂದಿ ಹಾಕಿ ತಿಕ್ಕಿದರು. ಕೊತ್ವಾಲ ಅಯ್ಯಯ್ಯೋ ಅಂತ ಕುಣಿದ, ಕಪ್ಪು ಮಾತ್ರ ಕದಲಲಿಲ್ಲ.

ಆದರೆ ಅವನೂ ಕಚೇರಿಯಲ್ಲಿ ಪಳಗಿದವನು. "ಇದೊಂದು ಸಾಕ್ಷಿಯೇ, ದೊರೆ? ತನಿಖೆ ಮಾಡುವಾಗ ಪೆಟ್ಟಿಗೆ ಮುಟ್ಟಿದೆ. ಅದು ನನ್ನ ಕೆಲಸ!"

ದೊರೆ ಜೇಬಿನಿಂದ ಕೀಲಿ ತೆಗೆದು ಎತ್ತಿ ಹಿಡಿದ. "ಪೆಟ್ಟಿಗೆ ಇರುವ ಕೋಣೆಯ ಕೀಲಿ ಇದು. ಕಳ್ಳತನ ಆದ ಮೇಲೆ ಆ ಕೋಣೆಗೆ ಯಾರೂ ಹೋಗಿಲ್ಲ. ನೀವೂ ಹೋಗಿಲ್ಲ. ನಾನೇ ಬೇಡ ಅಂದಿದ್ದೆ. ಹಾಗಾದರೆ ನೀವು ಮುಟ್ಟಿದ್ದು ಯಾವಾಗ?"

ಭುಜಂಗರಾವ್ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. 

ಹುಲಿಗೆವ್ವನ ಹಗ್ಗ ಬಿಚ್ಚಿದರು. ಅವಳು ಮೇಜಿನ ಹತ್ತಿರ ಬಂದು ಸುಂಕ್ಲಪ್ಪನ ಕತ್ತಿ ಸುತ್ತಿದ್ದ ಬಟ್ಟೆಯ ತುಂಡನ್ನು ಎತ್ತಿದಳು. "ಇಲ್ನೋಡ್ರಿ, ಮೂರು ಚುಕ್ಕಿ, ಕೆಳಗೊಂದು ಗೆರೆ. ಈಗ ಕೊತ್ವಾಲರ ರುಮಾಲು ಬಿಚ್ಚಿ ಅಂಚು ನೋಡ್ರಿ."

ಬಿಚ್ಚಿದರು. ಮೂರು ಚುಕ್ಕಿ, ಕೆಳಗೊಂದು ಗೆರೆ.

ಆಗ ಒಂದು ತಮಾಷೆ ನಡೆಯಿತು. ಜಡ್ಜಿ ದೊರೆ ಮೆಲ್ಲಗೆ ತನ್ನ ತೋಳಿನ ಪಟ್ಟಿ ಮಗುಚಿ ನೋಡಿಕೊಂಡ, ಒಂದು ಚುಕ್ಕಿ. ಪಾದ್ರಿ ನಿಲುವಂಗಿಯ ಅಂಚು ನೋಡಿಕೊಂಡ, ಎರಡು ಚುಕ್ಕಿ. ತಹಸೀಲ್ದಾರ ಉತ್ತರೀಯ ತಿರುವಿದ. ಕಲೆಕ್ಟರ್ ದೊರೆ ಕರವಸ್ತ್ರ ತೆಗೆದ, ಎರಡು ಗೆರೆ. ಇಷ್ಟು ವರ್ಷ ದೊಡ್ಡವರೆಲ್ಲ ಹುಲಿಗೆವ್ವನ ಗುರುತು ಮೈಮೇಲೆ ಹೊತ್ತು ತಿರುಗಿದ್ದರು, ಒಬ್ಬರೂ ಅದನ್ನು ಕಂಡಿರಲಿಲ್ಲ. ಪೇಟೆಯ ಜನ ಹೊಟ್ಟೆ ಹಿಡಿದು ನಕ್ಕರು.

"ಮಾಲು ಎಲ್ಲಿದೆ?" ಅಂದ ದೊರೆ.

"ಕೊತ್ವಾಲರಿಗೆ ಕುದುರೆ ತಿಕ್ಕೋಕೆ ಬೇರೆ ಆಳು ಅವ್ನೆ. ಆದ್ರೂ ಕುದುರೆ ಬಂದಾಗಿನಿಂದ ಇವರ ಪಂಚೆಯ ಮೊಣಕಾಲಿಗೆ ಲದ್ದಿ ಹತ್ತಿರ್ತದೆ. ಲಾಯದಾಗೆ ಮಂಡಿ ಊರಿ ಏನು ಮಾಡ್ತಿದ್ರು ಅಂತ ನಂಗೆ ಗೊತ್ತಿಲ್ಲ, ದೊರೆ. ಪಂಚೆಗೆ ಗೊತ್ತು."

ಸಿಪಾಯಿಗಳು ಓಡಿದರು. ಸರ್ಕಾರ ಕೊಟ್ಟ ಕುದುರೆಯ ಕಾಲ ಕೆಳಗೆ ಅಗೆದರು. ಚಿನ್ನದ ಗಡಿಯಾರ ಬಂತು. ದೀಪದ ಕಂಬ ಎರಡೂ ಬಂದವು. ಚಹಾ ಕೆಟಲು ಬಂತು, ಅದರ ಹೊಟ್ಟೆಯೊಳಗೆ ಮೂರಾಣೆಯ ಗಾಜಿನ ಸರ ಬೆಚ್ಚಗೆ ಮಲಗಿತ್ತು!

"ಗಾಜು?" ಅಂದ ಭುಜಂಗರಾವ್. ಎಲ್ಲಕ್ಕಿಂತ ಅವನ ಹೊಟ್ಟೆ ಉರಿದದ್ದು ಅದಕ್ಕೇ.

"ನಾಲ್ಕಾಣೆ ಹೇಳಿದ್ರು, ಬುದ್ಧಿ. ನಾನು ಇಳಿಸಿದೆ" ಅಂದಳು ಹುಲಿಗೆವ್ವ.

ಚಿನ್ನದ ಪದಕದ ಪೆಟ್ಟಿಗೆ ಮುಚ್ಚಿತು. ಕೋಳ ಸುಂಕ್ಲಪ್ಪನ ಕೈಯಿಂದ ಬಿಚ್ಚಿ ಭುಜಂಗರಾವ್‌ನ ಕೈಗೆ ಬಿತ್ತು. ಬೊಬ್ಬೆ ಇದೆ ಅಂತ ಅವನು ಕೂಗಿದ. ಮೆಲ್ಲಗೆ ಹಾಕಿದರು. ಹಬ್ಬದ ಮರುದಿನ ಕರಿನೀರಿನ ಹಡಗಿಗೆ ಹೊಸಗುಡ್ಡದಿಂದ ಒಬ್ಬನನ್ನು ಕಳಿಸುವುದೆಂದು ಮೊದಲೇ ಬರೆದಿತ್ತು. ಬರೆದ ಹಾಗೆಯೇ ಒಬ್ಬ ಹೋದ. ಹೆಸರೊಂದು ಬದಲಾಯಿತು, ಅಷ್ಟೇ.

ಸುಂಕ್ಲಪ್ಪ ಬಂದು ಹುಲಿಗೆವ್ವನ ಕಾಲು ಮುಟ್ಟಲು ಬಗ್ಗಿದ. "ಯಕ್ಕಾ, ನನ್ನ ಜೀವ ಉಳಿಸಿದಿ. ನಿನಗೆ ಏನು ಕೊಡಲಿ?"

"ಏಳು, ಏಳು. ನಾಲ್ಕು ಬುಟ್ಟಿ ಹೆಣೆದು ಕೊಡು. ತಳ ಗಟ್ಟಿ ಇರ್ಲಿ."

"ದುಡ್ಡು ತಗೊಳ್ಳಲ್ಲ, ಯಕ್ಕಾ."

"ಬಿಟ್ಟಿ ಬುಟ್ಟಿಯ ತಳ ಬೇಗ ಹೋಗ್ತದೆ. ದುಡ್ಡು ಕೊಡ್ತೀನಿ. ಒಂದಾಣೆ ಕಮ್ಮಿ ಮಾಡ್ಕೊ."

ದೊರೆ ಸರ್ಕಾರದ ಪುಸ್ತಕದಲ್ಲಿ ಊರೂರು ತಿರುಗುವವರ ಬಗ್ಗೆ ಬರೆದಿದ್ದನ್ನು ಹೊಡೆದು ಹಾಕಿದನೇ ಅಂತ ಕೇಳುತ್ತೀರಿ. ಇಲ್ಲ. ಪುಸ್ತಕ ಅವನದ್ದಲ್ಲ, ಕಡಲಾಚೆಯದ್ದು. ಆದರೆ ಅವನಿರುವ ತನಕ ಹೊಸಗುಡ್ಡದಲ್ಲಿ ಮಣ್ಣು ಮೂಸಿ ಕಳ್ಳನನ್ನು ಹಿಡಿಯುವುದು ನಿಂತಿತು. ಮೊದಲು ಮಾಲು ತೋರಿಸಿ, ಆಮೇಲೆ ಕಳ್ಳನನ್ನು ತೋರಿಸಿ ಅನ್ನುತ್ತಿದ್ದ. ಅಷ್ಟು ಕಲಿಯುವುದಕ್ಕೆ ಅವನಿಗೆ ಐನೂರು ರೂಪಾಯಿ ಬಿತ್ತು. ನನ್ನ ಲೆಕ್ಕದಲ್ಲಿ ಅಗ್ಗವೇ.

ಈ ಕತೆಯ ನೀತಿ ಕೇಳಿ. ಬಡವನ ಹುಟ್ಟು ನೋಡಿ ಕಳ್ಳ ಅನ್ನಬೇಡಿ, ಅಧಿಕಾರ ನೋಡಿ ಸಾಚಾ ಅನ್ನಬೇಡಿ. ಕೈ ನೋಡಿ, ಗವಸು ಬಿಚ್ಚಿಸಿ ನೋಡಿ. ಮತ್ತೆ, ನಿಮ್ಮ ಮನೆಯ ಕೊಳೆ ತೊಳೆಯುವವರ ಮುಂದೆ ನೀವು ಏನನ್ನೂ ಮುಚ್ಚಿಡಲಾರಿರಿ. ಅದನ್ನು ಮರೆತು ಬದುಕುವವನು ಎಷ್ಟೇ ಜಾಣನಾದರೂ ಒಂದು ದಿನ ಸಿಕ್ಕಿಬೀಳುತ್ತಾನೆ.

ಇನ್ನು ಮೊದಲು ಮುಚ್ಚಿಟ್ಟ ಮಾತು, ಯಾರಿಗೆ ಎಷ್ಟು ಬಂತು ಅಂತ. ಹುಲಿಗೆವ್ವ ಹಾಕಿದ ಬಂಡವಾಳ: ಗಾಜಿನ ಸರಕ್ಕೆ ಮೂರಾಣೆ, ಒಂದು ಬೊಗಸೆ ಕರಿಗೇರು, ಠಾಣೆಯಲ್ಲಿ ಎರಡು ದಿನ. ಬಂದದ್ದು: ಐನೂರು ಬೆಳ್ಳಿ ರೂಪಾಯಿ. ಅದರಲ್ಲಿ ಕೋತಿಯವನಿಗೆ ಐವತ್ತು, ಉಳಿಯವನಿಗೆ ಐವತ್ತು ದಾರಿಖರ್ಚು ಕೊಟ್ಟಳು. ಉಳಿದದ್ದರಲ್ಲಿ ಒಂದು ದೊಡ್ಡ ತಾಮ್ರದ ಹಂಡೆ, ಮೂರನೇ ಕತ್ತೆ, ಕೆರೆಯ ದಂಡೆಯಲ್ಲಿ ಒಗೆಯುವ ಸ್ವಂತ ಕಲ್ಲು. ಮೇಲಾಗಿ ಜೈಲಿನಿಂದ ಹೊರಗೆ ಬಂದ ಮೂರು ಜನ. ಮೇಲಾಗಿ ತಳ ಗಟ್ಟಿಯಿದ್ದ ನಾಲ್ಕು ಹೊಸ ಬುಟ್ಟಿ, ಒಂದಾಣೆ ಕಮ್ಮಿಗೆ.